ಯೂಸುಫ ಖಾಲಿ ಬಿಟ್ಟ ಮಾತಿನ ಗುಳ್ಳೆ

ಬೈಕೊಂದು ನಿಂತಲ್ಲೇ ಗುರುಗುಡುತ್ತಿತ್ತು. ದೇಸೂರಿನ ರೈಲು ಗೇಟು ತೆರೆದೇ ಇತ್ತು, ಆದರೂ ಬೈಕು ದಾಟಲಿಲ್ಲ. ಗೇಟಿನ ಬಾಜು ಮನೆಯಲ್ಲಿ ಯೂಸುಫ ಮಸಿಯಲ್ಲಿ ಅದ್ದಿದ ಕುಂಚ ಹಿಡಿದು ಆ ಸದ್ದು ನಿಲ್ಲಲೆಂದು ಕಾಯುತ್ತಿದ್ದ.

ಅವನು ಖಾನಾಪುರದವನು. ಮನೆಯಲ್ಲಿ ದಖನಿ ಉರ್ದು, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಅಪ್ಪ ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಯಾವ ಭಾಷೆ ಮೇಲೆ, ಯಾವುದು ಕೆಳಗೆ ಎಂಬ ಜಗಳದಲ್ಲಿ ಯಾರೋ ಅವನ ಹೊಸ ಬೋರ್ಡಿಗೆ ಡಾಂಬರು ಬಳಿದರು. ಆ ದಿನ ಅಪ್ಪ ಊಟ ಮಾಡಲಿಲ್ಲ. ಯೂಸುಫ ಅದನ್ನು ಮರೆಯಲಿಲ್ಲ.

ಬೆಳಗಾವಿಯ ಪತ್ರಿಕೆ ಸೇರಿದ ಮೇಲೆ ಮೊದಲ ಪುಟಕ್ಕೆ ರಾಜಕೀಯ ವ್ಯಂಗ್ಯಚಿತ್ರ ಬರೆದ. ಅವನು ಮೂಗು ಉದ್ದ ಮಾಡಿದ ಮುಖಂಡರೇ ಫೋನು ಮಾಡಿ ಆ ಚಿತ್ರ ಕೇಳಿ ಪಡೆದು ಕಟ್ಟು ಹಾಕಿಸಿಕೊಂಡರು. ಒಳಪುಟಕ್ಕೆ ದಿನವೂ ಸಂಗವ್ವ ಎಂಬ ಚಹಾದಂಗಡಿಯ ಮುದುಕಿಯ ಚಿತ್ರಕಥೆ. ಅದರ ಕೊನೆಯ ಚೌಕದಲ್ಲಿ ಸಂಗವ್ವನ ಮಾತಿನ ಗುಳ್ಳೆಯನ್ನು ಅವನು ಖಾಲಿ ಬಿಡುತ್ತಿದ್ದ. ಖಾನಾಪುರದ ತಮ್ಮಣ್ಣ ತನ್ನ ಹೋಟೆಲಿನ ಗೋಡೆಗೆ ಅದನ್ನು ಅಂಟಿಸಿ, ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು ತೂಗುಬಿಡುತ್ತಿದ್ದ. ಗಿರಾಕಿಗಳು ಗುಳ್ಳೆಯೊಳಗೆ ಕನ್ನಡದಲ್ಲೋ ಮರಾಠಿಯಲ್ಲೋ ಬರೆದು ನಗುತ್ತಿದ್ದರು. ಓದಲು ಯೂಸುಫ ಭಾನುವಾರ ರೈಲು ಹತ್ತಿ ಹೋಗುತ್ತಿದ್ದ.

ಕಳೆದ ವಾರ ಯಾರೋ ಆ ಗುಳ್ಳೆಯಲ್ಲಿ ಮರಾಠಿಗರನ್ನು ಕನ್ನಡದಲ್ಲಿ ಬೈದು ಮೊಬೈಲುಗಳಲ್ಲಿ ಹರಿಬಿಟ್ಟರು. ಮರುದಿನ ಇನ್ಯಾರೋ ಕನ್ನಡಿಗರನ್ನು ಮರಾಠಿಯಲ್ಲಿ ಬೈದರು. ಎರಡರ ಕೆಳಗೂ ಚಿತ್ರದೊಂದಿಗೆ ಅಚ್ಚಾದ ಯೂಸುಫನ ಸಹಿ ಇತ್ತು. ತಮ್ಮಣ್ಣ ಗೋಡೆಯ ಚಿತ್ರ ಕಿತ್ತು, ಪೆನ್ನು ಬಿಚ್ಚಿಟ್ಟ. ಅಂದಿನಿಂದ ಗೇಟಿನ ಬಳಿ ಈ ಬೈಕು, ಅದರ ಮೇಲೆ ಅವನ ಮನೆಯನ್ನೇ ನೋಡುವ ಇಬ್ಬರು.

ಇಂದು ಸಂಪಾದಕ ಶಶಿಧರರೇ ಮನೆಗೆ ಬಂದರು. ಎಂದೂ ಬಂದವರಲ್ಲ. ಯೂಸುಫನ ಹೆಂಡತಿ ನಜ್ಮುನ್ನಿಸಾ ಚಹಾ ಇಟ್ಟು, ಬೀದಿಯ ಕಡೆಯ ಕಿಟಕಿ ಮುಚ್ಚಿದಳು.

"ಯೂಸುಫಭಾಯಿ, ನಾಳಿ ಚಿತ್ರದಾಗ ಸಂಗವ್ವನ ಮಾತು ನೀವ ಬರೀರಿ. ಖಾಲಿ ಬಿಟ್ರ ಮತ್ತ ಯಾರರ ತುಂಬ್ತಾರ."

"ಯಾವ ಭಾಷಾದಾಗ ಬರೀಲ್ರಿ?"

ಶಶಿಧರ ಚಹಾ ಕಪ್ಪಿನ ಕೆಳಗಿನ ಬಸಿಯನ್ನು ತಿರುಗಿಸುತ್ತ ಕೂತರು. "ಹಂಗಾರ ಸಂಗವ್ವನ್ನ ನಾಕ ದಿನ ತವರಮನಿಗೆ ಕಳಸ್ರಿ."

"ಆಕಿ ತವರಮನಿ ಖಾನಾಪುರ ಐತ್ರಿ ಸಾಹೇಬ್ರ. ಅಲ್ಲೇ ಗ್ವಾಡಿಯಿಂದ ಕಿತ್ತಾರ ಆಕಿನ್ನ."

ಸಂಪಾದಕರು ನಕ್ಕು, ಹೊರಗಿನ ಸದ್ದಿಗೆ ನಗು ನಿಲ್ಲಿಸಿದರು. "ಖಾಲಿ ಗುಳ್ಳಿ ನಾ ಛಾಪಸೂದಿಲ್ಲ. ನಾಳಿಂದ ಆ ಜಾಗಾದಾಗ ಸಾಬೂನಿನ ಜಾಹೀರಾತ ಬರತೈತಿ. ನಿಮ್ಮ ಒಳ್ಳೇದಕ್ಕ ಹೇಳಾಕತ್ತೀನಿ."

ಯೂಸುಫ ಮೇಜಿನ ಕಡೆ ತಿರುಗಿದ. ಚಹಾದ ಕಿತ್ತಲಿ ಹಿಡಿದ ಸಂಗವ್ವನ ಸೆರಗಿನ ಗೆರೆ ಮುಗಿಸಿ ಮಸಿ ಊದಿ ಆರಿಸಿದ. ಗುಳ್ಳೆ ಬೆಳ್ಳಗೇ ಉಳಿಯಿತು. ಚಿತ್ರವನ್ನು ರಟ್ಟಿನ ಮೇಲಿಟ್ಟುಕೊಂಡು, ಪೆನ್ನು ತೆಗೆದುಕೊಂಡು ಬಾಗಿಲು ತೆರೆದ. ನಜ್ಮುನ್ನಿಸಾ ಅವನ ತೋಳು ಹಿಡಿದಳು. ಅವನು ಮೆಲ್ಲಗೆ ಬಿಡಿಸಿಕೊಂಡ.

"ಎಲ್ಲಿಗ್ರಿ?" ಶಶಿಧರ ಎದ್ದು ನಿಂತರು.

"ಬೈಕಿನ್ಯಾವರ ಕಡೆ. ತಮ್ಮಣ್ಣನ ಗ್ವಾಡಿ ಹೋತು, ಪೆನ್ನ ಅದ ಅಲ್ರಿ. ನನ್ನ ಎದುರಿಗೇ ಬರೀಲಿ. ಬರದ್ರ ಛಾಪಸ್ರಿ, ಬಾಜೂಕ ಅವರ ಸಹಿನೂ ಹಾಕಸ್ತೀನಿ."

ಅವನು ಅಂಗಳ ದಾಟಿದ. ಬೈಕಿನ ಸದ್ದು ತಟ್ಟನೆ ನಿಂತಿತು. ಅವನು ನಿಲ್ಲಲಿಲ್ಲ, ಹಿಂದೆ ನೋಡದೆ, ನಡೆಯುತ್ತಲೇ ಹೇಳುತ್ತಿದ್ದ: "ಬರೀಲಿಲ್ಲಂದ್ರ ಖಾಲೀನ ಛಾಪಸ್ರಿ ಸಾಹೇಬ್ರ, ಕೆಳಗ ನನ್ನ—"