ಕಂಬ ಆ ಕಡೆ, ಬಟ್ಟೆ ಈ ಕಡೆ

“ಆಗೋ ಮಾತಲ್ಲ ಅದು” ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ ಮುನಿಯಪ್ಪ. ಅದನ್ನೇ ಮತ್ತೆ ಹೇಳಿದವರು ಎದುರು ಸಾಲಿನ ಬಷೀರ್ ಚಾಚಾ. ಆ ವರ್ಷ ಅವರಿಬ್ಬರೂ ಒಪ್ಪಿದ್ದು ಅದೊಂದೇ ವಿಷಯವನ್ನು. ಈಗ ಈ ಶಾಮಿಯಾನದ ಕೆಳಗೆ ಹೊಸ ಸೀರೆಯಲ್ಲಿ ಬೆವರುತ್ತ ಕೂತಿದ್ದೇನೆ. ಮೇಲಿನ ಬಟ್ಟೆಯಿಂದ ನುಸಿಗುಳಿಗೆಯ ವಾಸನೆ ಇಳಿದು ಎಲ್ಲ ನೆನಪಾಗುತ್ತಿದೆ. ನೀವೂ ಪಕ್ಕದ ಕುರ್ಚಿಯಲ್ಲಿ ಕೂತುಕೊಳ್ಳಿ. ಊಟಕ್ಕೆ ಇನ್ನೂ ಹೊತ್ತಿದೆ.

ಶಿವಾಜಿನಗರದ ನಮ್ಮ ಗಲ್ಲಿಯವರೆಲ್ಲ ಚಂದಾ ಎತ್ತಿ ಕೊಂಡ ಶಾಮಿಯಾನವಿದು. ಕಂಬಗಳು ದೊಡ್ಡಪ್ಪನ ಹಿತ್ತಲಲ್ಲಿ, ಬಟ್ಟೆ ಚಾಚಾನ ಅಂಗಡಿಯ ಅಟ್ಟದಲ್ಲಿ. ಯಾರ ಮನೆಯಲ್ಲಿ ಕಾರ್ಯವಿದ್ದರೂ ಇಬ್ಬರೂ ತಾವಾಗಿಯೇ ಬಂದು ಶಾಮಿಯಾನ ನಿಲ್ಲಿಸಿ ಹೋಗುತ್ತಿದ್ದರು. ಒಂದು ಸಂಜೆ ಗಣೇಶನ ಮೆರವಣಿಗೆ ಮಸೀದಿ ಮುಂದೆ ನಿಂತಾಗ ಮೈಕಿನ ವಿಚಾರಕ್ಕೆ ಮಾತು ಬೆಳೆಯಿತು, ಕಲ್ಲು ಬಿತ್ತು, ಎರಡೂ ಕಡೆಯ ಹುಡುಗರ ತಲೆಗೆ ಹೊಲಿಗೆ ಬಿತ್ತು. ಗಲ್ಲಿಯಲ್ಲಿ ಮಾತು ನಿಂತಿತು. ಕಂಬವಿದ್ದವರಿಗೆ ಬಟ್ಟೆಯಿಲ್ಲ, ಬಟ್ಟೆಯಿದ್ದವರಿಗೆ ಕಂಬವಿಲ್ಲ. ಇಬ್ಬರೂ ಹಲಸೂರಿನಿಂದ ಬಾಡಿಗೆಗೆ ತರಿಸತೊಡಗಿದರು!

ನಮ್ಮ ಮನೆಯಲ್ಲಿ ಕಾಲೇಜಿನ ಗೇಟು ದಾಟಿದವಳು ನಾನೊಬ್ಬಳೇ. ಸಂಜೆ ಇಂದಿರಾನಗರದ ಹೋಟೆಲೊಂದರಲ್ಲಿ ಬಿಲ್ ಹಾಕುತ್ತ ಸಮಾಜಕಾರ್ಯ ಓದಿದೆ. ಪ್ರಾಜೆಕ್ಟಿಗೆ ನಮ್ಮ ಗಲ್ಲಿಯನ್ನೇ ಆರಿಸಿಕೊಂಡೆ. ದೂರ ಹೋಗಲು ಪುರುಸೊತ್ತಿರಲಿಲ್ಲ ಎನ್ನುವುದು ಅರ್ಧ ಕಾರಣ. ‘ಆಗೋ ಮಾತಲ್ಲ’ ಎಂದ ಇವರಿಬ್ಬರನ್ನೂ ಎದುರುಬದುರು ಕೂರಿಸಿ ಮಾತಾಡಿಸಿಯೇ ಪಾಸಾಗಬೇಕೆಂಬ ಹಟ ಇನ್ನರ್ಧ.

ಮೊದಲ ಸಭೆಗೆ ಶಾಲೆಯ ಕೋಣೆಯಲ್ಲಿ ‘ಸೌಹಾರ್ದ ಸಂವಾದ’ ಎಂದು ಬ್ಯಾನರ್ ಕಟ್ಟಿದ್ದೆ. ಬಂದವರೆಲ್ಲ “ನಾವೆಲ್ಲ ಅಣ್ಣತಮ್ಮಂದಿರು” ಎಂದು ಭಾಷಣ ಮಾಡಿ, ಬಿಸ್ಕತ್ತು ತಿಂದು, ಬೇರೆ ಬೇರೆ ಬಾಗಿಲಿಂದ ಹೊರಟುಹೋದರು.

ಎರಡನೆಯ ಸಲ ಬ್ಯಾನರ್ ಬಿಟ್ಟೆ. ನಿಮಗೆ ತುಂಬ ನೋವಾಗಿದ್ದು ಯಾವುದು, ಅಷ್ಟೇ ಹೇಳಿ ಎಂದೆ. ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಬಾಯಿ ಬಿಡಬಾರದೆಂದು ನಿಯಮವನ್ನೂ ಮಾಡಿದೆ.

“ಕಲ್ಲು ಬಿಡಮ್ಮ, ಹುಡುಗ್ರು ಹೊಡ್ಕೊಂಡ್ರು,” ಎಂದರು ಚಾಚಾ. “ನನ್ನ ಮಗಳ ಶಾದಿಗೆ ಮುನಿಯಣ್ಣ ಬರ್ಲಿಲ್ಲ.”

ನಿಯಮ ಮುರಿದವರು ನಮ್ಮ ದೊಡ್ಡಪ್ಪನೇ. “ನೀನು ಕರೆದಿದ್ರೆ ತಾನೇ?”

“ಅರೆ, ಕಂಬದವ್ರನ್ನ ಯಾವತ್ತು ಕರ್ದಿದೀವಿ? ಹಿಂದಿನ ದಿನ ಕತ್ತಲಾಗೋವರ್ಗೂ ನಮ್ ಬಾಗ್ಲಲ್ಲೇ ಕಾಯ್ತಾ ನಿಂತಿದ್ದೆ, ಗೊತ್ತಾ?”

ದೊಡ್ಡಪ್ಪ ಹೆಗಲ ಟವೆಲ್ ತೆಗೆದು ಮಡಚಿದರು, ಬಿಚ್ಚಿದರು. “ಕಂಬ ಹೊರಗೆ ತೆಗ್ದಿಟ್ಟಿದ್ದೆ ಕಣೋ,” ಎಂದರು. “ನೀನು ಕೂಗ್ತೀಯ ಅಂತ.”

ಅಲ್ಲಿಗೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಕಲ್ಲಿನ ಮಾತೂ ಬಂತು, ಕೂಗಾಟವೂ ಆಯಿತು. ಆದರೆ ಯಾರೂ ಎದ್ದು ಹೋಗಲಿಲ್ಲ. ಎಷ್ಟೋ ಭಾನುವಾರ ಕೂತು, ಮೆರವಣಿಗೆಯನ್ನು ನಮಾಜು ಮುಗಿದ ಮೇಲೆ ಹೊರಡಿಸುವುದೆಂದು ಒಪ್ಪಿಕೊಂಡರು. ಆ ವರ್ಷ ಗಣೇಶ ಹೋಗುವಾಗ ಮಸೀದಿ ಮುಂದೆ ಹಗ್ಗ ಹಿಡಿದು ನಿಂತವರು ಎರಡೂ ಸಾಲಿನ ಹುಡುಗರು.

ಪದವಿಯ ಸರ್ಟಿಫಿಕೇಟು ನನಗೆ ಕಾಲೇಜಿನ ಕೌಂಟರಿನಲ್ಲಿ ಸಿಕ್ಕಿತ್ತು. ಅದು ಲೆಕ್ಕಕ್ಕಿಲ್ಲವೆಂದು ಗಲ್ಲಿಯವರು ಇವತ್ತು ಮತ್ತೆ ಕೊಡಿಸುತ್ತಿದ್ದಾರೆ. ಅಗೋ, ಹೆಸರು ಕರೆದರು.

ಸರ್ಟಿಫಿಕೇಟಿನ ಒಂದು ಅಂಚನ್ನು ದೊಡ್ಡಪ್ಪ, ಇನ್ನೊಂದನ್ನು ಚಾಚಾ ಹಿಡಿದು ನನ್ನ ಕೈಗಿಟ್ಟರು. ಓದಿದವಳು ನಾನೇ, ಆ ಹೆಮ್ಮೆಯನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಆದರೂ ಕಾಗದದ ಮೇಲೆ ನನ್ನೊಬ್ಬಳದೇ ಹೆಸರು ಕಂಡು ಯಾಕೋ ಸಂಕೋಚವಾಯಿತು. ಚಪ್ಪಾಳೆ ನಿಲ್ಲುವ ಮೊದಲೇ ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿದರು.

“ಫೋಟೋ ಆಯ್ತಲ್ಲ ಮಗಳೇ, ಬೇಗ ಊಟ ಮುಗಿಸ್ರಿ. ನಾಳೆ ಬಷೀರನ ಮೊಮ್ಮಗಳ ನಿಶ್ಚಯ, ಕಂಬ ಅಲ್ಲಿಗೆ ಹೋಗ್ಬೇಕು. ಅವನೇನೂ ಕರ್ದಿಲ್ಲ.”