ಗರಡಿ ಎಂಬ ಸವತಿ

ಮದ್ರಾಸ್ ಸರ್ಕಾರದ ಆ ಕಾಲದಲ್ಲಿ ಕಂಪ್ಲಿಯ ಪೈಲ್ವಾನ್ ಗಾದಿಲಿಂಗಪ್ಪ ಹೊಟ್ಟೆಪಾಡಿಗೆ ಮಾಡಿದ್ದು ಕುಸ್ತಿಯೊಂದನ್ನೇ. ಅಕ್ಕಿ ವ್ಯಾಪಾರಿ ಹಾಲಸ್ವಾಮಿ ಅವನನ್ನು ಸಂಬಳಕ್ಕಿಟ್ಟುಕೊಂಡು, ಬಾದಾಮಿ, ತುಪ್ಪ ಕೊಟ್ಟು, ಹಾಲಿಗೆಂದು ಮನೆಮುಂದೆ ಒಂದು ಎಮ್ಮೆಯನ್ನೂ ಕಟ್ಟಿಸಿದ್ದ. ಗಾದಿಲಿಂಗಪ್ಪ ಹೊಸಪೇಟೆ, ಸಂಡೂರುಗಳಲ್ಲಿ ಎದುರಾಳಿಗಳನ್ನು ಚಿತ್ ಮಾಡುತ್ತಿದ್ದ. ಹಾಲಸ್ವಾಮಿ ಮೀಸೆ ತಿರುವುತ್ತಿದ್ದ. ಬಳ್ಳಾರಿಯ ಯಾರೋ ಬಿಳಿ ದೊರೆ ಪೈಲ್ವಾನನ ತೋಳು ಮುಟ್ಟಿ ನೋಡಿ ಬೆರಗಾದನಂತೆ.

ಹೆಂಡತಿ ಕೊಟ್ರಬಸಮ್ಮನಿಗೆ ಮಾತ್ರ ಆ ತೋಳು ಮುಟ್ಟುವ ಭಾಗ್ಯ ಅಪರೂಪ. ತಾಲೀಮು ನಡೆದಿರುವಾಗ ಹೆಣ್ಣಿನ ಸಂಗ ಕೂಡದು, ಪೈಲ್ವಾನ ಗರಡಿಯಲ್ಲೇ ಮಲಗಬೇಕು, ಹೆಂಗಸರು ಅದರ ಹೊಸ್ತಿಲು ತುಳಿಯುವಂತಿಲ್ಲ. ಇಂಥ ನೇಮ ಮಾಡಿದವರು ಅವನಿಗೆ ಮದುವೆಯನ್ನಾದರೂ ಬೇಡ ಅನ್ನಬೇಕಿತ್ತು. ಎಮ್ಮೆ ಹಿಂಡುವವಳು ಇಲ್ಲಿ, ಕುಡಿಯುವವನು ಅಲ್ಲಿ. ಸವತಿ ಹೆಂಗಸಾಗಿದ್ದರೆ ಜುಟ್ಟು ಹಿಡಿದು ಜಗಳಾಡಬಹುದಿತ್ತು. ಗರಡಿಯ ಕೆಂಪು ಮಣ್ಣಿನ ಜೊತೆ ಏನು ಜಗಳ? ಅವನ ಲಂಗೋಟಿಗೆ ಅಂಟಿದ ಮಣ್ಣನ್ನು ಶಪಿಸುತ್ತ ಒಗೆಯುವ ಕಲ್ಲಿಗೆ ಬಡಿಯುತ್ತಿದ್ದಳು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ.

ಸಂಡೂರಿನ ಒಂದು ಕುಸ್ತಿಯಲ್ಲಿ ಅವನ ಮೊಣಕಾಲು ಮುರಿಯಿತು. ಹಾಲಸ್ವಾಮಿ ಎಮ್ಮೆಯನ್ನು ಬಿಚ್ಚಿಸಿ ಹೊಸ ಪೈಲ್ವಾನ್ ತಾಯಪ್ಪನ ಮನೆಗೆ ಕಳಿಸಿದ. ಎಮ್ಮೆ ಹೋಯಿತು, ಗಂಡ ಸಿಕ್ಕ ಎಂದು ಕೊಟ್ರಬಸಮ್ಮ ಒಳಗೊಳಗೇ ಕುಣಿದಳು. ಹೋಳಿಗೆ ಮಾಡಿದಳು.

ಸಿಕ್ಕಿದ ಗಂಡ ಗೋಡೆಗೆ ಮುಖ ಮಾಡಿ ಮಲಗಿದ. ಹೋಳಿಗೆ ಮುಟ್ಟಲಿಲ್ಲ. ಬಾಯಿ ಬಿಟ್ಟರೆ ಒಂದೇ ಮಾತು: "ಆ ತಾಯಪ್ಪ ನನ್ನ ಎಮ್ಮಿ ಹಾಲು ಕುಡ್ಯಾಕತ್ತಾನೇನು?"

ಅವನೂ ಉರಿಯುತ್ತಿದ್ದಾನೆಂದು ಅವಳಿಗೆ ಆಗ ತಿಳಿಯಿತು. ಆ ಉರಿ ಅವಳಿಗೆ ಹೊಸದಲ್ಲ. ಕಣ್ಣೆದುರೇ ಅವನ ತೋಳುಗಳು ಸೊರಗಿದವು. ಹೀಗೇ ಬಿಟ್ಟರೆ ಗಂಡ ಉಳಿಯುವುದಿಲ್ಲ ಎಂದು ಹೆದರಿದಳು.

ಒಂದು ಬೆಳಗ್ಗೆ ಗರಡಿಯ ಹೊಸ್ತಿಲ ಹೊರಗೇ ನಿಂತು ತಾಯಪ್ಪನನ್ನು ಕರೆದಳು. "ನಮ್ಮನಿಯವ್ರು ಉಣ್ಣವಲ್ರು. ಪಟ್ಟು ಕಲಿಸಾಕ ಬರ್ರಿ ಅಂತ ನೀನ ಬಂದು ಕರಿಯಪಾ. ನಾ ಹೇಳೀನಿ ಅನ್ನಬ್ಯಾಡ."

ಸಂಜೆ ತಾಯಪ್ಪ ಬಂದು ಗಾದಿಲಿಂಗಪ್ಪನ ಕಾಲಿಗೆ ಬಿದ್ದು, "ಉಸ್ತಾದ್, ನೀವಿಲ್ದ ಗರಡಿ ನಡೀವಲ್ದು" ಎಂದ. ಗಾದಿಲಿಂಗಪ್ಪ ಕೋಲಿಗೆ ಕೈಹಾಕಿ ಎದ್ದೇಬಿಟ್ಟ. ಅವನ ಮುಖದಲ್ಲಿ ಅಂಥ ಕಳೆಯನ್ನು ಕೊಟ್ರಬಸಮ್ಮ ಮದುವೆಯ ದಿನವೂ ಕಂಡಿರಲಿಲ್ಲ. ತಾನೇ ಕರೆಸಿದ್ದರೂ ಹೊಟ್ಟೆಯಲ್ಲಿ ಬೆಂಕಿ ಬಿತ್ತು.

"ಎರಡು ತುತ್ತು ಉಂಡು ಹೋಗ್ರಿ," ಅಂದಳು.

"ಅಲ್ಲೇ ಉಣ್ತೀನಿ. ಹಾಸಿಗಿ ಕಳಿಸು," ಎಂದ ಅವನು, ತಿರುಗಿ ನೋಡದೆ.