ಲೆಫ್ಟ್‌ಓವರ್ ವಿಚಾರಣೆ

ಊರಿಗೆ ಮಾತಾಡಲು ಫೋನ್ ಕಾರ್ಡ್ ಕೆರೆಯುತ್ತಿದ್ದ ಕಾಲ. ನ್ಯೂಜಿಲೆಂಡಿನ ಲೋವರ್ ಹಟ್‌ನಲ್ಲಿ ನಮ್ಮ ಪಕ್ಕದ ಮನೆಯವರು ಧಾರವಾಡದ ಆಂಟಿ. 'ಲೆಫ್ಟ್‌ಓವರ್' ಎಂಬುದನ್ನು ಅವರು ವಿಚಾರಣೆಯಿಲ್ಲದೆ ಒಳಗೆ ಬಿಟ್ಟವರೇ ಅಲ್ಲ. ನಾನು ಪಲಾವ್ ಒಯ್ದರೆ, ಡಬ್ಬಿಯ ಮುಚ್ಚಳದ ಮೇಲೆ ಎರಡು ಬೆರಳಿಟ್ಟು ಕೇಳುವರು: "ಲೆಫ್ಟ್‌ಓವರ್ ಅಂದ್ರ? ನಿನ್ನಿ ತಂಗಳೋ, ಯಾರರೆ ತಿಂದು ಬಿಟ್ಟ ಎಂಜಲೋ, ಸುಮ್ನ ಉಳದದ್ದೋ? ಬಿಡಿಸಿ ಹೇಳ್ರಿ." ಸುಮ್ಮನೆ ಉಳಿದದ್ದಕ್ಕೆ ಮಾತ್ರ ಪ್ರವೇಶವಿತ್ತು.

ಜುಲೈ ಚಳಿಯ ಒಂದು ಮಧ್ಯಾಹ್ನ ಎದುರುಮನೆಯ ನ್ಯೂಜಿಲೆಂಡಿನವಳೇ ಆದ ಅಜ್ಜಿ ತಟ್ಟೆ ಹಿಡಿದು ಅವರ ಬಾಗಿಲಿಗೆ ಬಂದಳು. ಅಂದು ಬೆಳಿಗ್ಗೆಯಷ್ಟೇ ಅವಳ ಗಂಡನ ಅಂತ್ಯಕ್ರಿಯೆ ಮುಗಿದಿತ್ತು.

"ಸೌತೆಕಾಯಿ ಸ್ಯಾಂಡ್‌ವಿಚ್. ಜಸ್ಟ್ ಲೆಫ್ಟ್‌ಓವರ್ಸ್, ಲವ್. ಒಬ್ಬಳೇ ಎಷ್ಟು ತಿನ್ನಲಿ?" ಎಂದಳು.

ಸಾವಿನ ಮನೆಯ ತಿನಿಸು ಹೊಸಿಲು ದಾಟಬಾರದು. ಆಂಟಿಯ ಕಾನೂನಿನಲ್ಲಿ ಅದು ಮೇಲ್ಮನವಿಗೂ ಅವಕಾಶವಿಲ್ಲದ ಕಲಮು. ಈ ದಿನವೇ ಅಜ್ಜಿ ತಟ್ಟೆಯೊಂದಿಗೆ ಹಿಂದಿರುಗಬೇಕಾದೀತೇ ಎಂದು ಬೇಲಿಯ ಈಚೆ ನಾನು ನೋಡುತ್ತ ನಿಂತೆ.

ಆಂಟಿ ಏನನ್ನೂ ಕೇಳಲಿಲ್ಲ. ತಾವೇ ಹೊರಬಂದು, ಅಜ್ಜಿಯನ್ನು ಮೆಟ್ಟಿಲ ಮೇಲೆ ಕೂರಿಸಿ, ಪಕ್ಕದಲ್ಲಿ ಕುಳಿತರು. ಗಂಡನ ಕಥೆ ಕೇಳುತ್ತ ಅವಳ ಜೊತೆ ತಟ್ಟೆಯನ್ನು ಪೂರ್ತಿ ಖಾಲಿ ಮಾಡಿದರು.

ಅಜ್ಜಿ ಹೊರಟ ಮೇಲೆ ನನ್ನತ್ತ ತಿರುಗಿದರು. "ಏನ್ ನೋಡ್ತೀರಿ? ಮನಿಯೊಳಗ ತಂದೇನೇನು? ಆಕಿ ಬಾಗಲಾ ಹಾಕ್ಕೊಂಡಳೇನು, ಅಷ್ಟು ನೋಡಿ ಹೇಳ್ರಿ."

ಹಾಕಿಕೊಂಡಳೆಂದೆ. ಆಂಟಿ ಹಿತ್ತಲಿಗೆ ನಡೆದು, ಗಿಡಗಳಿಗೆ ನೀರು ಬಿಡುವ ಪೈಪನ್ನು ತಲೆಯ ಮೇಲೆ ಹಿಡಿದುಕೊಂಡರು.